ಭೈರವಿಯವರೆಗೆ ಕೂತಿರಲು ಆಗುತ್ತಿಲ್ಲ

ಪ್ರಶ್ನೆ: ನನಗೆ 71 ವರ್ಷ, ನನ್ನ ಹೆಂಡತಿಗೆ 67. ಧಾರವಾಡದಲ್ಲಿ ಪ್ರೌಢಶಾಲೆಯ ಶಿಕ್ಷಕನಾಗಿದ್ದು ಈಗ ನಿವೃತ್ತನಾಗಿದ್ದೇನೆ. ನಲವತ್ತು ವರ್ಷಗಳಿಂದ ಇಬ್ಬರೂ ಸಂಗೀತ ಸಭೆಗಳಿಗೆ ತಪ್ಪದೆ ಹೋಗುತ್ತ ಬಂದಿದ್ದೇವೆ. ಕಳೆದ ತಿಂಗಳು ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆವು. ಆಮಂತ್ರಣ ಪತ್ರಿಕೆಯಲ್ಲಿ ಸಂಜೆ 6 ಗಂಟೆ ಎಂದಿತ್ತು. ದೀಪ ಬೆಳಗಿಸಿದ್ದು 6.50ಕ್ಕೆ. ಭಾಷಣ, ಸನ್ಮಾನ, ಇಬ್ಬರು ಕಿರಿಯ ಕಲಾವಿದರ ಗಾಯನ ಎಲ್ಲ ಮುಗಿದು, ನಾವು ಯಾರನ್ನು ಕೇಳಲು ಹೋಗಿದ್ದೆವೋ ಆ ಗಾಯಕರು ವೇದಿಕೆಗೆ ಬಂದಾಗ 9.15 ಆಗಿತ್ತು. ನಿಧಾನ ಲಯದ ವಿಲಂಬಿತ ಖ್ಯಾಲು ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣು ಎಳೆಯತೊಡಗಿತು, ಹೆಂಡತಿಯ ಮೊಣಕಾಲು ಹಿಡಿದುಕೊಂಡಿತು. ಕಛೇರಿಯನ್ನು ಮುಗಿಸುವ ಭೈರವಿ ರಾಗಕ್ಕೆ ಕಾಯಲಾಗದೆ 9.45ಕ್ಕೆ ತಲೆ ತಗ್ಗಿಸಿಕೊಂಡು ಎದ್ದು ಬಂದೆವು. ನಾನು ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಕುಂದಗೋಳದ ಅಹೋರಾತ್ರಿ ಸಂಗೀತಕ್ಕೆ ಇನ್ನೊಮ್ಮೆಯಾದರೂ ಹೋಗಬೇಕೆಂಬ ಆಸೆಯಿತ್ತು. ಈಗ ಧೈರ್ಯ ಸಾಲುತ್ತಿಲ್ಲ. ಸಭೆಗಳಿಗೆ ಹೋಗುವುದನ್ನು ನಿಲ್ಲಿಸಿ ಮನೆಯಲ್ಲೇ ಯೂಟ್ಯೂಬಿನಲ್ಲಿ ಕೇಳುವುದು ಒಳ್ಳೆಯದೇ? ಅಥವಾ ನನ್ನ ಆಸಕ್ತಿಯೇ ಕುಗ್ಗಿದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆಸಕ್ತಿ ಕುಗ್ಗಿದವರು ತಾವು ಎದ್ದು ಬಂದ ಗಳಿಗೆಯನ್ನಾಗಲಿ, ಆಗ ವಿಲಂಬಿತ ಎಲ್ಲಿಗೆ ಬಂದಿತ್ತು ಎಂಬುದನ್ನಾಗಲಿ ಒಂದು ತಿಂಗಳ ಮೇಲೂ ನೆನಪಿಟ್ಟುಕೊಂಡಿರುವುದಿಲ್ಲ. ನಿಮ್ಮ ಆಸಕ್ತಿ ನೆಟ್ಟಗಿದೆ. ಬದಲಾಗಿರುವುದು ನಿಮ್ಮ ದೇಹದ ಗಡಿಯಾರ. ಅದರ ಜೊತೆಗೆ, ಆ ಸಂಜೆ ನಿಮಗೆ ಯಾರೂ ನಿಜವಾದ ವೇಳೆಯನ್ನು ಹೇಳಲಿಲ್ಲ. ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ನಾನು ಹುಬ್ಬಳ್ಳಿಯಲ್ಲಿ ಮುಖ್ಯವಾಗಿ ಹಿರಿಯರ ಆರೋಗ್ಯವನ್ನೇ ನೋಡುವ ವೈದ್ಯ. ಹಲವು ವರ್ಷಗಳಿಂದ ಒಂದು ಚಿಕ್ಕ ಸಂಗೀತ ಸಭೆಯ ಕಾರ್ಯಕಾರಿ ಸಮಿತಿಯಲ್ಲೂ ಇದ್ದೇನೆ. ಹಾಗಾಗಿ ಚಿಕಿತ್ಸಾಲಯದಲ್ಲಿ ಕೇಳಿದ್ದನ್ನೂ ಸಭಾಂಗಣದ ಬಾಗಿಲಲ್ಲಿ ನಿಂತು ಕಂಡಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ಮಿದುಳಿನ ಬುಡದಲ್ಲಿ, ಕಣ್ಣಿನಿಂದ ಬರುವ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಅಕ್ಕಿಕಾಳಿಗಿಂತ ಚಿಕ್ಕದಾದ ನರಕೋಶಗಳ ಗುಂಪೊಂದಿದೆ. ಹಗಲಿನ ಬೆಳಕನ್ನು ಅಳೆದು, ಯಾವಾಗ ನಿದ್ದೆ ಬರಬೇಕು, ಯಾವಾಗ ಮೈ ಬಿಸಿ ಏರಬೇಕು ಎಂಬುದನ್ನೆಲ್ಲ ಅದು ನಡೆಸುತ್ತದೆ. ವಯಸ್ಸಾಗುತ್ತ ಹೋದಂತೆ ಈ ಗಡಿಯಾರ ಮುಂದಕ್ಕೆ ಓಡುತ್ತದೆ. ನಲವತ್ತರಲ್ಲಿ ರಾತ್ರಿ 11ಕ್ಕೆ ಬರುತ್ತಿದ್ದ ನಿದ್ದೆ ಎಪ್ಪತ್ತರಲ್ಲಿ 9 ಅಥವಾ 9.30ಕ್ಕೇ ಬಂದು ಬಾಗಿಲು ಬಡಿಯುತ್ತದೆ; ಬೆಳಗಿನ ಎಚ್ಚರವೂ ಅಷ್ಟೇ ಬೇಗ ಆಗುತ್ತದೆ. ಗಾಢ ನಿದ್ದೆಯ ಪಾಲು ಕಡಿಮೆಯಾಗುತ್ತದೆ, ನಿದ್ದೆಯನ್ನು ತರುವ ಮೆಲಟೋನಿನ್ ಎಂಬ ಸ್ರಾವವೂ ಇಳಿಯುತ್ತದೆ. ಇದರಲ್ಲಿ ರೋಗವೇನೂ ಇಲ್ಲ.

ಆದರೆ ತಡರಾತ್ರಿಯ ಕಛೇರಿಗೆ ಸಂಬಂಧಿಸಿದಂತೆ ಇಲ್ಲೊಂದು ಮುಖ್ಯವಾದ ಅಂಶವಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಇಪ್ಪತ್ತೈದರ ಹುಡುಗ ರಾತ್ರಿ 1 ಗಂಟೆಗೆ ಮಲಗಿದರೆ ಬೆಳಿಗ್ಗೆ 9ಕ್ಕೆ ಎದ್ದು ನಿದ್ದೆಯ ಲೆಕ್ಕವನ್ನು ಸರಿ ಮಾಡಿಕೊಳ್ಳುತ್ತಾನೆ. ನೀವು 1 ಗಂಟೆಗೆ ಮಲಗಿದರೂ 5 ಗಂಟೆಗೆ ಕಣ್ಣು ತೆರೆದೇ ತೆರೆಯುತ್ತದೆ. ತಡವಾದಷ್ಟೂ ಹೊತ್ತು ನಿಮ್ಮ ನಿದ್ದೆಯಿಂದಲೇ ಕಡಿತವಾಗುತ್ತದೆ. ಮರುದಿನದ ತಲೆಭಾರ, ನಡೆಯುವಾಗ ಆಯ ತಪ್ಪುವುದು, ಏರಿದ ರಕ್ತದೊತ್ತಡ, ಸಿಡಿಮಿಡಿ ಎಲ್ಲದರ ಮೂಲ ಇದೇ. ಹಾಗಾಗಿ 9.30ಕ್ಕೆ ನಿಮ್ಮ ಕಣ್ಣು ಎಳೆದದ್ದು ಗಾಯಕರಿಗೆ ಮಾಡಿದ ಅವಮಾನವಲ್ಲ. ಎದ್ದು ಬರುವಾಗ ತಲೆ ತಗ್ಗಿಸುವ ಅಗತ್ಯವೂ ಇರಲಿಲ್ಲ.

ಇನ್ನು ಸಭೆಯ ವಿಚಾರ. ತಡರಾತ್ರಿಯ ಸಂಗೀತ ನಮ್ಮ ಸಂಪ್ರದಾಯದಲ್ಲಿ ಇದ್ದೇ ಇದೆ, ಅದಕ್ಕೆ ರಾಗಗಳಷ್ಟೇ ಗಟ್ಟಿಯಾದ ಕಾರಣವೂ ಇದೆ. ಹಿಂದೂಸ್ತಾನಿ ಪದ್ಧತಿಯಲ್ಲಿ ದಿನದ ಎಂಟು ಜಾವಗಳಿಗೂ ರಾಗಗಳನ್ನು ಹಂಚಿಕೊಟ್ಟಿದ್ದಾರೆ. ಸೂರ್ಯ ಮುಳುಗುವಾಗ ಮಾರವಾ, ಪೂರಿಯಾ. ರಾತ್ರಿಯ ಮೊದಲ ಜಾವಕ್ಕೆ ಯಮನ್. ಹೊತ್ತು ಏರಿದ ಮೇಲೆ ಬಾಗೇಶ್ರೀ. ನಡುರಾತ್ರಿಯ ಸುತ್ತ ಮಾಲಕಂಸ, ದರಬಾರಿ ಕಾನಡಾ. ಬೆಳಗಾಗುವ ಮುನ್ನ ಸೋಹನಿ, ಲಲತ್. ಒಂದು ಕಾಲದಲ್ಲಿ ಕೇಳುಗರು ಊಟ ಮುಗಿಸಿ, ಕಂಬಳಿ ಹೊದ್ದು ಬಂದು ಕೂತು, ಬೆಳಗಿನ ಭೈರವವನ್ನು ಕೇಳಿಕೊಂಡೇ ಮನೆಗೆ ಹೋಗುತ್ತಿದ್ದರು. ತಮ್ಮ ಗುರು, ಗಾಯಕ ಸವಾಯಿ ಗಂಧರ್ವರ ಸ್ಮರಣೆಗಾಗಿ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಮಹೋತ್ಸವ ರಾತ್ರಿಯಿಡೀ ನಡೆಯುತ್ತಿತ್ತು. ಕೋಲ್ಕತ್ತದ ಡೋವರ್ ಲೇನ್ ಸಮ್ಮೇಳನವೂ ಅಹೋರಾತ್ರಿಯ ಕಛೇರಿಗಳಿಗೇ ಹೆಸರಾದದ್ದು. ಅಂಥ ರಾತ್ರಿಗಳಲ್ಲಿ ಎಪ್ಪತ್ತು ದಾಟಿದವರೂ ಇರುತ್ತಿದ್ದರು. ಮಗ್ಗುಲಿಗೆ ಒರಗಿ ಒಂದು ಗಂಟೆ ಕಣ್ಣು ಮುಚ್ಚಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇದು ರಾತ್ರಿಯ ಸಭೆ ಎಂಬುದು ಮೊದಲೇ ಗೊತ್ತಿದ್ದುದರಿಂದ ಮಧ್ಯಾಹ್ನದ ನಿದ್ದೆ, ಊಟ, ವೀಳ್ಯ, ಗಾಡಿ ಎಲ್ಲವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಂಡು ಬರುತ್ತಿದ್ದರು.

ನೀವು ಅನುಭವಿಸಿದ್ದು ಆ ಸಂಪ್ರದಾಯವನ್ನಲ್ಲ. ಹೇಳಿದ ತಡ ಬೇರೆ, ಹೇಳದ ತಡ ಬೇರೆ. ರಾತ್ರಿ 9.15ಕ್ಕೆ ಗಾಯನ ಎಂದು ಪತ್ರಿಕೆಯಲ್ಲೇ ಅಚ್ಚಾಗಿದ್ದರೆ ನೀವು ಮಧ್ಯಾಹ್ನ ಮಲಗಿ, 7.30ಕ್ಕೆ ಊಟ ಮಾಡಿ, 9ಕ್ಕೆ ಬಂದು ಕೂತು, 11ರವರೆಗೂ ಕೇಳುತ್ತಿದ್ದಿರಿ. 6 ಗಂಟೆ ಎಂದು ಕರೆದು 9.15ಕ್ಕೆ ಹಾಡಿಸಿದ್ದರಿಂದ, ನೀವು ಎಚ್ಚರವಾಗಿರಬಲ್ಲ ಮೂರೂ ಕಾಲು ಗಂಟೆಗಳು ಕುರ್ಚಿಯ ಮೇಲೆ ಕರಗಿಹೋದವು. ನನ್ನ ಬಳಿ ಬರುವ ಹಿರಿಯ ಕೇಳುಗರ ದೂರುಗಳನ್ನೆಲ್ಲ ಸೋಸಿದರೆ ಉಳಿಯುವುದು ಈ ಹೇಳದ ತಡವೇ.

ಈ ತಡ ಎಲ್ಲಿಂದ ಬರುತ್ತದೆ ಎಂಬುದನ್ನು ಸಮಿತಿಯ ಒಳಗಿನಿಂದ ಕಂಡಿದ್ದೇನೆ, ಅದನ್ನು ಬಚ್ಚಿಡುವುದಿಲ್ಲ. ಮುಖ್ಯ ಅತಿಥಿಗಳು ಇನ್ನೊಂದು ಕಾರ್ಯಕ್ರಮ ಮುಗಿಸಿಕೊಂಡು ಬರಬೇಕಾಗಿರುತ್ತದೆ. ಹಣ ಕೊಟ್ಟವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಲ್ಲಬೇಕು. ಸಭಾಂಗಣ ತುಂಬದೆ ಅವರನ್ನು ವೇದಿಕೆಗೆ ಕರೆಯಲು ಸಂಕೋಚ. ಸಭಾಂಗಣ ತುಂಬುವುದು ಕಚೇರಿ ಬಿಟ್ಟವರು ಮನೆಗೆ ಹೋಗಿ, ಚಹಾ ಕುಡಿದು ಬಂದ ಮೇಲೆ, ಅಂದರೆ 7ರ ನಂತರ. ಇದು ಗೊತ್ತಿರುವ ಸಂಘಟಕರು ಪತ್ರಿಕೆಯಲ್ಲಿ ಬೇಕೆಂದೇ 6 ಎಂದು ಹಾಕುತ್ತಾರೆ. ಅದು ಗೊತ್ತಿರುವ ಕೇಳುಗರು 7ಕ್ಕೆ ಬರುತ್ತಾರೆ. ಅಚ್ಚಾದ ವೇಳೆಯನ್ನು ನಂಬಿ 5.45ಕ್ಕೇ ಬಂದು ಮೂರನೆಯ ಸಾಲಿನಲ್ಲಿ ಕೂರುವವರು ನಿಮ್ಮಂಥ ಹಿರಿಯರು ಮಾತ್ರ. ನಂಬಿದವರಿಗೇ ಈ ಶಿಕ್ಷೆಯಾಗುವುದು ನನಗೆ ಬಹಳ ನೋವಿನ ಸಂಗತಿ. ಇದರಲ್ಲಿ ಕಲಾವಿದರ ಪಾಲು ಇಲ್ಲವೆಂದೇ ಹೇಳಬಹುದು. ತಂಬೂರಿ ಶ್ರುತಿ ಮಾಡಲು ಹಿಡಿಯುವ ಹತ್ತು ನಿಮಿಷವನ್ನು ನಾನು ತಡ ಎಂದು ಎಣಿಸುವುದಿಲ್ಲ. ಸಂಗೀತ ಆಗಲೇ ಶುರುವಾಗಿರುತ್ತದೆ.

ಕಾನೂನಿನ ಮಿತಿಯೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣಗಳಿಗೆ ಇದರಿಂದ ವಿನಾಯಿತಿ ಇದೆ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗಾಗಿ ವರ್ಷಕ್ಕೆ ಒಟ್ಟು 15 ದಿನಗಳನ್ನು ಮೀರದಂತೆ ನಡುರಾತ್ರಿ 12ರವರೆಗೆ ಅನುಮತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಸುಪ್ರೀಂ ಕೋರ್ಟ್ 2005ರಲ್ಲಿ ಇದನ್ನು ಎತ್ತಿಹಿಡಿಯಿತು. ಪುಣೆಯ ಮಹೋತ್ಸವ ರಾತ್ರಿಯನ್ನು ಬಿಟ್ಟು ಮಧ್ಯಾಹ್ನಕ್ಕೆ ಸರಿದದ್ದು ಈ ನಿಯಮದ ಕಾರಣದಿಂದಲೇ. ಕರಾವಳಿಯ ಕೆಲವು ಯಕ್ಷಗಾನ ಮೇಳಗಳೂ ಇಡೀ ರಾತ್ರಿಯ ಆಟವನ್ನು ಕಾಲಮಿತಿಗೆ ಇಳಿಸಿವೆ. ನಡುರಾತ್ರಿಯ ದರಬಾರಿಯನ್ನು ಅದರ ಹೊತ್ತಿನಲ್ಲೇ ಕೇಳುವ ಭಾಗ್ಯ ಇದರಿಂದ ಕಡಿಮೆಯಾಯಿತು ಎಂಬ ಕೊರಗು ನನಗೂ ಇದೆ. ಆದರೆ ಅದೇ ಕಾರಣದಿಂದ ಪುಣೆಯಲ್ಲಿ ಮುಲ್ತಾನಿ, ಭೀಮಪಲಾಸ, ಪಟದೀಪದಂಥ ಮಧ್ಯಾಹ್ನದ ರಾಗಗಳಿಗೆ ದೊಡ್ಡ ವೇದಿಕೆಯಲ್ಲಿ ಜಾಗ ಸಿಕ್ಕಿತು ಎಂಬುದನ್ನೂ ಹೇಳಬೇಕು. ಬಯಲಿನ ಕಾರ್ಯಕ್ರಮದಲ್ಲಿ 10 ಗಂಟೆಯ ಗಡಿ ಇದ್ದೂ ಉದ್ಘಾಟನೆ ಒಂದು ಗಂಟೆ ತಡವಾದರೆ, ಆ ಗಂಟೆ ಭಾಷಣಗಳಿಂದ ಕಡಿತವಾಗುವುದನ್ನು ನಾನು ಕಂಡಿಲ್ಲ. ಮುಖ್ಯ ಕಲಾವಿದರ ಹಾಡಿನಿಂದಲೇ ಕಡಿತವಾಗುತ್ತದೆ.

ಈಗ ನೀವು ಮಾಡಬಹುದಾದದ್ದು. ಮೊದಲನೆಯದಾಗಿ, ಪತ್ರಿಕೆಯಲ್ಲಿ ಅಚ್ಚಾದ ವೇಳೆಗೆ ಹೋಗುವ ಶಿಸ್ತನ್ನು ಇಂಥ ಸಭೆಗಳ ಮಟ್ಟಿಗೆ ಬಿಟ್ಟುಬಿಡಿ. ಶಿಕ್ಷಕರಾಗಿದ್ದ ನಿಮಗೆ ಇದು ಕಷ್ಟವೆನ್ನಿಸಬಹುದು. ಆದರೂ ಅಂದು ಸಂಜೆ ಸಂಘಟಕರಲ್ಲೊಬ್ಬರಿಗೆ ಫೋನ್ ಮಾಡಿ, ‘ಮುಖ್ಯ ಗಾಯನ ನಿಜವಾಗಿ ಎಷ್ಟಕ್ಕೆ ಶುರುವಾಗುತ್ತದೆ?’ ಎಂದು ಕೇಳಿ. ‘ನಿಜವಾಗಿ’ ಎಂಬ ಮಾತನ್ನು ಬಿಡಬೇಡಿ. ಸ್ವಯಂಸೇವಕರಿಗೆ ಉತ್ತರ ಗೊತ್ತಿರುತ್ತದೆ, ಹೇಳಲು ಅವರಿಗೆ ಸಂಕೋಚವೂ ಇರುವುದಿಲ್ಲ. ಬೇಗ ಎದ್ದು ಬರುವುದಕ್ಕಿಂತ ತಡವಾಗಿ ಹೋಗುವುದು ನಿಮ್ಮ ವಯಸ್ಸಿನಲ್ಲಿ ಎಷ್ಟೋ ಲೇಸು, ಏಕೆಂದರೆ ಉಳಿದಿರುವ ಎಚ್ಚರವೆಲ್ಲ ಹಾಡಿಗೇ ಸಲ್ಲುತ್ತದೆ. ಕಿರಿಯ ಕಲಾವಿದರನ್ನು ಕೇಳುವ ಮನಸ್ಸಿದ್ದರೆ ಇನ್ನೊಂದು ದಿನ ಅವರಿಗಾಗಿಯೇ ಹೋಗಿ, ಅವರನ್ನು ಕೇಳಿ ಮನೆಗೆ ಬನ್ನಿ. ಒಂದೇ ರಾತ್ರಿ ಎಲ್ಲವನ್ನೂ ಕೇಳಿ ಮುಗಿಸಬೇಕೆಂಬ ಹಟ ಬೇಡ.

ಸಭೆಯ ದಿನ ಮಧ್ಯಾಹ್ನ 1ರಿಂದ 3ರ ನಡುವೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ಮಲಗಿ. ಬೇರೆ ದಿನಗಳಲ್ಲಿ ಇಷ್ಟು ಹಗಲುನಿದ್ದೆ ಬೇಡ ಎನ್ನುವವನು ನಾನೇ. ಆದರೆ ರಾತ್ರಿ ತಡವಾಗಲಿದೆ ಎಂದು ಗೊತ್ತಿರುವ ದಿನ ಅದು ಮುಂಗಡವಾಗಿ ಪಡೆದ ನಿದ್ದೆ. ಸಂಜೆ 5ರಿಂದ 6ರವರೆಗೆ ಹೊರಗಿನ ಬೆಳಕಿನಲ್ಲಿ ಅಡ್ಡಾಡಿ, ಏಕೆಂದರೆ ಸಂಜೆಯ ಬೆಳಕು ಆ ಗಡಿಯಾರವನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ಮಧ್ಯಂತರದ ಚಹಾ ಅಥವಾ ಕಾಫಿ ಮಾತ್ರ ಮೋಸ ಮಾಡುತ್ತದೆ: ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಗಳ ಮೇಲೂ ಮೈಯಲ್ಲೇ ಇರುತ್ತದೆ, ಹಿರಿಯರಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯಬಹುದು. ಸಭೆಯಲ್ಲಿ ಅದು ಎಚ್ಚರವಿಟ್ಟರೂ ಮನೆಗೆ ಬಂದ ಮೇಲೆ ಇದ್ದ ನಾಲ್ಕು ಗಂಟೆಯ ನಿದ್ದೆಯನ್ನೂ ಕಸಿದುಕೊಳ್ಳುತ್ತದೆ. ತಡವಾಗಿ ಬಂದ ರಾತ್ರಿ ನಿದ್ದೆ ಮಾತ್ರೆ ನುಂಗಿ ಮಲಗುವ ಅಭ್ಯಾಸವೂ ಬೇಡ. ನಸುಕಿನಲ್ಲಿ ಬಚ್ಚಲಿಗೆ ಎದ್ದಾಗ ಬೀಳುವ ಅಪಾಯ ಅದರಿಂದ ಹೆಚ್ಚುತ್ತದೆ.

ನಿಮ್ಮ ಮಧುಮೇಹದ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ, ಆದ್ದರಿಂದ ಒಂದು ಘಟನೆಯನ್ನು ಹೇಳುವುದು ನನ್ನ ಕರ್ತವ್ಯ. ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯಲ್ಲೇ ನಡೆದದ್ದು. ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು 8.30ಕ್ಕೆಲ್ಲ ಮನೆ ಸೇರುತ್ತೇನೆಂದು ಲೆಕ್ಕ ಹಾಕಿ, ಪ್ರತಿದಿನದ ಪದ್ಧತಿಯಂತೆ 8 ಗಂಟೆಗೆ ಕಿಸೆಯಿಂದ ರಾತ್ರಿಯ ಮಾತ್ರೆ ತೆಗೆದು ಅಲ್ಲೇ ನೀರಿನೊಂದಿಗೆ ನುಂಗಿದ್ದರು. ಊಟ ಆಗಿರಲಿಲ್ಲ. 9.30ರ ಹೊತ್ತಿಗೆ ಗಾಯಕರು ಬಾಗೇಶ್ರೀಯ ಆಲಾಪದಲ್ಲಿದ್ದರು. ಹಿರಿಯರ ಹಣೆಯ ಮೇಲೆ ಬೆವರು, ಬೆರಳುಗಳಲ್ಲಿ ನಡುಕ, ತಲೆ ಒಂದೇ ಸಮನೆ ತೂಗುತ್ತಿತ್ತು. ಪಕ್ಕದಲ್ಲಿದ್ದವರು ರಾಗದಲ್ಲಿ ಮುಳುಗಿದ್ದಾರೆಂದೇ ತಿಳಿದರು. ಒಬ್ಬರು ನನಗೆ ಕಣ್ಸನ್ನೆ ಮಾಡಿ ತೋರಿಸಿ ಮುಗುಳ್ನಕ್ಕರು ಕೂಡ. ನಾನು ಹತ್ತಿರ ಹೋಗಿ ಹೆಸರು ಕೇಳಿದೆ, ಉತ್ತರ ತಡವರಿಸಿತು. ಚಹಾದ ಮೇಜಿನಿಂದ ಮೂರು ಚಮಚ ಸಕ್ಕರೆ ತರಿಸಿ ನೀರಿನಲ್ಲಿ ಕರಗಿಸಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಅವರು ಮಾತಾಡುವಂತಾದರು, ನಂತರ ಬಾಳೆಹಣ್ಣು, ಬಿಸ್ಕಿಟ್ ಕೊಟ್ಟೆವು. ಅವರು ತೆಗೆದುಕೊಂಡಿದ್ದ ಮಾತ್ರೆ ಗ್ಲಿಮೆಪಿರೈಡ್ ಜಾತಿಯದು; ಊಟವಿಲ್ಲದೆ ಅದು ರಕ್ತದ ಸಕ್ಕರೆಯನ್ನು ತೀರ ಇಳಿಸಿತ್ತು. ಈ ಜಾತಿಯ ಮಾತ್ರೆಗಳನ್ನಾಗಲಿ ಊಟದ ಮುಂಚಿನ ಇನ್ಸುಲಿನ್ ಅನ್ನಾಗಲಿ ಗಡಿಯಾರ ನೋಡಿ ತೆಗೆದುಕೊಳ್ಳುವಂತಿಲ್ಲ, ಎದುರಿಗೆ ತಟ್ಟೆ ಬಂದಾಗ ತೆಗೆದುಕೊಳ್ಳಬೇಕು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಈ ಅಪಾಯ ಬಹಳ ಕಡಿಮೆ. ನಿಮ್ಮದು ಯಾವುದೆಂದು ನಿಮ್ಮ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ, ತಡವಾಗುವ ದಿನ ಹೇಗೆ ಹೊಂದಿಸಿಕೊಳ್ಳಬೇಕೆಂಬುದನ್ನು ಅವರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ನೀವಾಗಿ ಮಾತ್ರೆ ಬಿಡುವುದೂ ಬೇಡ, ಎರಡು ಹೊತ್ತಿನದನ್ನು ಒಟ್ಟಿಗೆ ನುಂಗುವುದೂ ಬೇಡ.

ನಾನು ಹೇಳುವುದಾದರೆ, ಮನೆಯಲ್ಲೇ 7.30ಕ್ಕೆ ಹಗುರವಾಗಿ ಉಂಡು ಹೊರಡಿ: ಒಂದು ರೊಟ್ಟಿ, ಪಲ್ಯ, ಸ್ವಲ್ಪ ಮೊಸರನ್ನ ಸಾಕು. ಸಭೆಯ ಹೊರಗೆ ಮಾರುವ ಮಿರ್ಚಿ ಭಜಿಯ ಮೇಲೆ ರಾತ್ರಿಯನ್ನು ಕಳೆಯಬೇಡಿ. ನಿಮ್ಮ ಶ್ರೀಮತಿಯವರ ಚೀಲದಲ್ಲಿ ನಾಲ್ಕು ಪೆಪ್ಪರ್‌ಮಿಂಟು, ಒಂದು ಸಕ್ಕರೆಯ ಪೊಟ್ಟಣ ಯಾವಾಗಲೂ ಇರಲಿ.

ಮೂತ್ರದ ವಿಚಾರವನ್ನು ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟೋ ಜನ ಸಭೆಗೆ ಬರುವುದನ್ನು ನಿಲ್ಲಿಸುವುದು ಇದೊಂದೇ ಕಾರಣಕ್ಕೆ. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ತನಿ ಆವರ್ತನ, ಅಂದರೆ ಮೃದಂಗದಂಥ ಲಯವಾದ್ಯಗಳ ಸರದಿ, ಶುರುವಾದೊಡನೆ ಏಳುವ ಹಿರಿಯರನ್ನು ಲಯದ ಬಗ್ಗೆ ಅಗೌರವ ಇರುವವರೆಂದು ಜರೆಯುವುದುಂಟು. ಎರಡು ಗಂಟೆ ತಡೆದುಕೊಂಡು ಕೂತವರಿಗೆ ಅದೊಂದೇ ಬಿಡುವು ಎಂಬುದು ಮೃದಂಗ ನುಡಿಸುವವರಿಗೂ ತಿಳಿದಿರಲಿ. ಸಭೆಯಿದೆ ಎಂದು ಇಡೀ ದಿನ ನೀರು ಬಿಡುವುದು ತಪ್ಪು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಹಾಗೆ ಮಾಡಿದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳುತ್ತಾರೆ. ಬೆಳಗಿನಿಂದ ಚೆನ್ನಾಗಿ ಕುಡಿದು, ಹೊರಡುವ ಎರಡು ಗಂಟೆ ಮೊದಲು ಕಡಿಮೆ ಮಾಡಿ. ನಿಮ್ಮ ರಕ್ತದೊತ್ತಡದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದ್ದು ಅದನ್ನು ಸಂಜೆ ತೆಗೆದುಕೊಳ್ಳುತ್ತಿದ್ದರೆ, ಬೆಳಿಗ್ಗೆಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ. ಸಾಲಿನ ತುದಿಯ ಕುರ್ಚಿಯನ್ನೇ ಹಿಡಿಯಿರಿ. ನಿಮ್ಮ ಶ್ರೀಮತಿಯವರ ಮೊಣಕಾಲಿಗೂ ಅದೇ ಒಳ್ಳೆಯದು, ಕಾಲನ್ನು ಹಾದಿಯ ಕಡೆಗೆ ಚಾಚಬಹುದು, ರಾಗ ಮುಗಿದಾಗಲೆಲ್ಲ ಎದ್ದು ನಿಲ್ಲಬಹುದು. ಜಮಖಾನದ ಮೇಲಿನ ಬೈಠಕ್ ಅವರಿಗೆ ಇನ್ನು ಬೇಡ.

ಕಣ್ಣಿನದು ಹಿಂದಿರುಗುವ ಹಾದಿಯ ಪ್ರಶ್ನೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು, ಎದುರು ವಾಹನಗಳ ಎಲ್‌ಇಡಿ ದೀಪ ಕಣ್ಣು ಕುಕ್ಕುತ್ತದೆ. ಸಭಾಂಗಣದ ಬಾಗಿಲು ದಾಟಿದೊಡನೆ ಮೆಟ್ಟಿಲಿಳಿಯದೆ ಎರಡು ನಿಮಿಷ ನಿಂತುಕೊಳ್ಳಿ, ಕೈಯಲ್ಲಿ ಒಂದು ಚಿಕ್ಕ ಬ್ಯಾಟರಿ ಇರಲಿ. ರಾತ್ರಿ 9ರ ಮೇಲೆ ಸ್ಕೂಟರ್ ನಡೆಸಿಕೊಂಡು ಬರುವುದನ್ನು ಇಂದೇ ನಿಲ್ಲಿಸಿ. ಬೆಂಗಳೂರಿನ ಓದುಗರಿಗೆ ಇದರ ಮೇಲೆ ಖರ್ಚಿನ ಹೊರೆಯೂ ಇದೆ: ರಾತ್ರಿ 10 ದಾಟಿದರೆ ಆಟೋ ಮೀಟರಿನ ಮೇಲೆ ಅರ್ಧದಷ್ಟು ಹೆಚ್ಚು ಕೊಡಬೇಕು. ಒಂದೇ ಬಡಾವಣೆಯ ನಾಲ್ವರು ಕೇಳುಗರು ಸೇರಿ ಹೋಗಿಬರುವ ಗಾಡಿಯನ್ನು ಮೊದಲೇ ಗೊತ್ತು ಮಾಡಿಕೊಂಡರೆ ಹಣವೂ ಉಳಿಯುತ್ತದೆ, ಭಯವೂ ಇರುವುದಿಲ್ಲ. ಕಿವಿಯ ಬಗ್ಗೆ ಒಂದೇ ಮಾತು: ಧ್ವನಿಪೆಟ್ಟಿಗೆಯ ನೇರಕ್ಕೆ ಕೂರಬೇಡಿ; ಶ್ರವಣಯಂತ್ರ ಇದ್ದವರು ಸಂಗೀತಕ್ಕೆ ಬೇರೆ ಹೊಂದಾಣಿಕೆ ಇದೆಯೇ ಎಂದು ಕೇಳಿ ಹಾಕಿಸಿಕೊಳ್ಳಲಿ.

ಯೂಟ್ಯೂಬಿನ ವಿಚಾರಕ್ಕೆ ಬರುತ್ತೇನೆ. ಮನೆಯಿಂದ ಹೊರಡಲಾಗದವರಿಗೆ ಅದು ದೊಡ್ಡ ವರ. ನಿಮಗಿನ್ನೂ ಆ ಸ್ಥಿತಿ ಬಂದಿಲ್ಲ. ಅಂದು ನೀವಿಬ್ಬರೂ ಬಟ್ಟೆ ಬದಲಿಸಿ, ಬಾಗಿಲು ಹಾಕಿ, ನಡೆದು ಹೋಗಿ, ಹತ್ತು ಜನ ಪರಿಚಿತರನ್ನು ಮಾತಾಡಿಸಿದಿರಲ್ಲ, ಅದೂ ನಾನು ಬರೆದುಕೊಡಲು ಬಯಸುವ ಔಷಧವೇ. ಆದ್ದರಿಂದ ಬಿಡಬೇಡಿ ಎಂಬುದೇ ನನ್ನ ಉತ್ತರ. ಹೊತ್ತು ಮಾತ್ರ ಬದಲಾಗಲಿ, ಅದಕ್ಕಾಗಿ ಸಭೆಗಳನ್ನು ಕೇಳಿ.

ಕೇಳಬೇಕಾದದ್ದು ಎರಡು. ಒಂದು, ಪತ್ರಿಕೆಯಲ್ಲಿ ಸಭಾ ಕಾರ್ಯಕ್ರಮದ ವೇಳೆಯನ್ನೂ ಗಾಯನದ ವೇಳೆಯನ್ನೂ ಬೇರೆಬೇರೆಯಾಗಿ ಅಚ್ಚು ಮಾಡಲಿ. ನಮ್ಮ ಸಮಿತಿಯಲ್ಲಿ ಇದಕ್ಕೆ ಮೊದಲು ವಿರೋಧ ಬಂತು. ಭಾಷಣಕ್ಕೆ ಯಾರೂ ಬರುವುದಿಲ್ಲ ಎಂಬ ಆತಂಕ. ಮಾಡಿ ನೋಡಿದೆವು. ಭಾಷಣಕ್ಕೆ ಬಂದವರು ಕಡಿಮೆಯಾದದ್ದು ನಿಜ, ಭಾಷಣಗಳು ತಾವಾಗಿಯೇ ಚಿಕ್ಕದಾದವು. ಕೊನೆಯ ಭೈರವಿಯ ಹೊತ್ತಿಗೆ ಮುಂದಿನ ಸಾಲುಗಳಲ್ಲಿ ಬಿಳಿಯ ತಲೆಗಳು ಹಾಗೇ ಕೂತಿದ್ದವು. ನಾನು ಹಿಂದೆ ನಿಂತು ನೋಡಿದವನು, ಆ ನೋಟವನ್ನು ಮರೆತಿಲ್ಲ.

ಎರಡನೆಯದು ಬೆಳಗಿನ ಸಭೆ. ಹಿರಿಯರ ಗಡಿಯಾರ ಮುಂದಕ್ಕೆ ಓಡುತ್ತದೆ ಎಂದೆನಲ್ಲ, ಅದರ ಫಲವಾಗಿ ಬೆಳಗಿನ ಹೊತ್ತಿನಲ್ಲಿ ನಿಮ್ಮ ಮನಸ್ಸು ಹೆಚ್ಚು ಚುರುಕಾಗಿರುತ್ತದೆ. ಅದೇ ಹೊತ್ತಿನ ರಾಗಗಳಾದ ಭೈರವ, ರಾಮಕಲಿ, ತೋಡಿ, ಜೌನಪುರಿ ನಮ್ಮ ಸಂಜೆಯ ಸಭೆಗಳ ದೆಸೆಯಿಂದ ಧ್ವನಿಮುದ್ರಣಗಳಲ್ಲಿ ಮಾತ್ರ ಉಳಿದಿವೆ. ಎದುರು ಕೂತು ಹಾಡಿದ ತೋಡಿಯನ್ನು ಕೇಳಿ ಎಷ್ಟು ವರ್ಷವಾಯಿತೆಂದು ನೀವೇ ಎಣಿಸಿ ನೋಡಿ. ಮಹಾರಾಷ್ಟ್ರದಲ್ಲಿ ದೀಪಾವಳಿಯ ನಸುಕಿನ ಕಛೇರಿಗಳು ಊರೂರಿಗೂ ಹಬ್ಬಿವೆ, ಅಜ್ಜ ಅಜ್ಜಿಯರೇ ಅಲ್ಲಿ ಮುಂದಿನ ಸಾಲು. ನಮ್ಮಲ್ಲೂ ಅಲ್ಲಲ್ಲಿ ನಡೆಯುತ್ತವೆ, ಸಾಲದು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ 6.30ರಿಂದ 9ರವರೆಗೆ ಒಬ್ಬರೇ ಕಲಾವಿದರು, ಭಾಷಣವಿಲ್ಲ, ಆಮೇಲೆ ಎಲ್ಲರಿಗೂ ಉಪ್ಪಿಟ್ಟು, ಚಹಾ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಶಿಕ್ಷಕರಾಗಿದ್ದ ನಿಮಗೆ ಊರಿನ ಅರ್ಧ ಜನ ಶಿಷ್ಯರು. ಒಂದು ಮನವಿಗೆ ಇಪ್ಪತ್ತು ಹಿರಿಯರ ಸಹಿ ಹಾಕಿಸಿ ನಿಮ್ಮೂರಿನ ಸಭೆಗಳಿಗೆ ಕೊಡಿ, ಒಂದು ಪ್ರತಿಯನ್ನು ನಮಗೂ ಕಳಿಸಿ.

ಕೊನೆಗೆ ಕುಂದಗೋಳ. ಅಲ್ಲಿನ ನಾಡಿಗೇರ ವಾಡೆ ಎಂಬ ದೊಡ್ಡ ಮನೆಯಲ್ಲಿ ಸವಾಯಿ ಗಂಧರ್ವರ ಹೆಸರಿನಲ್ಲಿ ರಾತ್ರಿಯಿಡೀ ಕೂತು ಕೇಳುವುದು ಈ ಭಾಗದ ಪ್ರತಿಯೊಬ್ಬ ಕೇಳುಗನ ಆಸೆ, ನಿಮ್ಮನ್ನು ನಾನು ತಡೆಯುವುದಿಲ್ಲ. ಹೃದಯದ ದೌರ್ಬಲ್ಯ, ಮೂರ್ಛೆರೋಗ ಇದ್ದವರಿಗೆ, ಇತ್ತೀಚೆಗೆ ಬಿದ್ದವರಿಗೆ ಅಥವಾ ಇನ್ಸುಲಿನ್ ಹೊಸದಾಗಿ ಶುರುವಾದವರಿಗೆ ಮಾತ್ರ ಇಡೀ ರಾತ್ರಿಯ ಜಾಗರಣೆ ಬೇಡ ಎನ್ನುತ್ತೇನೆ. ನೀವು ರಾತ್ರಿಯನ್ನು ಮೊದಲಿನಿಂದ ಹಿಡಿಯುವ ಬದಲು ಕೊನೆಯಿಂದ ಹಿಡಿಯಿರಿ. ಹಿಂದಿನ ಸಂಜೆಯೇ ಹುಬ್ಬಳ್ಳಿಗೆ ಬಂದು ನೆಂಟರ ಮನೆಯಲ್ಲಿ ಉಂಡು, ಮಾತ್ರೆ ತೆಗೆದುಕೊಂಡು, 8.30ಕ್ಕೆ ಮಲಗಿಬಿಡಿ. ನಿಮ್ಮ ಗಡಿಯಾರ ನಿಮ್ಮನ್ನು 3 ಗಂಟೆಗೆ ಎಬ್ಬಿಸುವುದು ಕಷ್ಟವಲ್ಲ. ಅಲ್ಲಿಂದ ಕುಂದಗೋಳ ಸುಮಾರು 20 ಕಿಲೋಮೀಟರ್. ಗಂಗೂಬಾಯಿ ಹಾನಗಲ್ಲರು ಗುರು ಸವಾಯಿ ಗಂಧರ್ವರ ಬಳಿ ಕಲಿಯಲು ರೈಲಿನಲ್ಲಿ ಹೋಗಿಬರುತ್ತಿದ್ದ ದಾರಿ ಅದು. 4ಕ್ಕೆ ವಾಡೆಯಲ್ಲಿದ್ದರೆ, ಸಂಜೆಯಿಂದ ಕೂತ ಹುಡುಗರು ಗೋಡೆಗೆ ಒರಗಿ ತೂಕಡಿಸುವ ಹೊತ್ತಿಗೆ ನೀವಿಬ್ಬರೂ ಎಚ್ಚರದಲ್ಲಿ ಕೂತು ಲಲತ್ ಕೇಳಬಹುದು, ಆಮೇಲೆ ಬೆಳಕು ಹರಿಯುವಾಗ ಭೈರವ, ಎಲ್ಲಕ್ಕೂ ಕೊನೆಗೆ ನೀವು ಕಳೆದುಕೊಂಡಿದ್ದ ಭೈರವಿ. ಗಾಡಿಯನ್ನು ಮಾತ್ರ ನೀವು ನಡೆಸಬೇಡಿ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ಚಾಲಕನನ್ನೇ ಗೊತ್ತು ಮಾಡಿ. ಬೆಳಗಿನ ತಿಂಡಿಯ ಜೊತೆ ತೆಗೆದುಕೊಳ್ಳುವ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಒಂದು ದಪ್ಪ ಶಾಲೂ ಇರಲಿ, ನಸುಕಿನಲ್ಲಿ ವಾಡೆಯ ನೆಲ ತಣ್ಣಗಿರುತ್ತದೆ.